ಗಾಳಿಯಲ್ಲಿ ತಿರುಗಿಸಿದ ನಲ್ಲಿ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇಟ್ಟುಕೊಂಡೇ ಶುರು ಮಾಡುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ಹಗಲು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚಿ, ಸಂಜೆ ಕಾಲೇಜಿನಲ್ಲಿ ಕೂತು ಓದಿದವಳು ನಾನು. ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ಈಗಲೂ ಕೆಲವೊಮ್ಮೆ ತೋಚುವುದಿಲ್ಲ. ಆದರೆ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರ ಬಗ್ಗೆ ನಾನು ಒಂದು ಮಾತು ಆಡಿದ್ದೇನೆ. ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಕೂತಿದೆ.

ನಮ್ಮ ಸಂಜೆ ಕಾಲೇಜಿಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲು ಮಕ್ಕಳ ಶಾಲೆ ನಡೆಯುವ ಕೋಣೆಗಳಲ್ಲೇ ನಮ್ಮ ಪಾಠ. ಮೊಣಕಾಲು ಮೇಜಿಗೆ ತಾಗುವಷ್ಟು ಸಣ್ಣ ಬೆಂಚುಗಳು. ಪ್ರಯೋಗಶಾಲೆಯೂ ಇತ್ತು, ಆದರೆ ಅದರ ಬೀಗದ ಕೈ ಹಗಲು ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ. ನಮಗಿಂತ ಮುಂಚೆ ಓದಿದ ಯಾರೋ ಒಂದಿಷ್ಟು ಗಾಜಿನ ಸಾಮಾನು ಒಡೆದಿದ್ದರಂತೆ; ಅಂದಿನಿಂದ ಸಂಜೆಯವರಿಗೆ ಆ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಇಣುಕಿದರೆ ಒಳಗೆ ಬ್ಯೂರೆಟ್ಟುಗಳು ಸಾಲಾಗಿ ನಿಂತಿರುವುದು ಕಾಣುತ್ತಿತ್ತು. ಬ್ಯೂರೆಟ್ ಅಂದರೆ ಉದ್ದನೆಯ ಗಾಜಿನ ಕೊಳವೆ, ಕೆಳಗೊಂದು ಪುಟ್ಟ ನಲ್ಲಿ. ಅದರಿಂದ ಹನಿಹನಿಯಾಗಿ ದ್ರಾವಣ ಬಿಡುತ್ತಾ, ಕೆಳಗಿನ ಫ್ಲಾಸ್ಕಿನಲ್ಲಿ ಬಣ್ಣ ತಿರುಗುವ ಹನಿಗೆ ಸರಿಯಾಗಿ ನಿಲ್ಲಿಸಬೇಕು.

ಮೇಷ್ಟ್ರು ಕೀಲಿಗಾಗಿ ಅಲೆದಲೆದು ಸಾಕಾಗಿ, ಕೊನೆಗೆ ಬೋರ್ಡಿನ ಮೇಲೆ ಆಳೆತ್ತರದ ಬ್ಯೂರೆಟ್ ಬರೆದರು. ನಮ್ಮನ್ನೆಲ್ಲ ಎದ್ದು ನಿಲ್ಲಿಸಿದರು. ಎಡಗೈ ನಲ್ಲಿಯ ಸುತ್ತ, ಬಲಗೈಯಲ್ಲಿ ಫ್ಲಾಸ್ಕ್, ಎರಡೂ ಬರೀ ಗಾಳಿ. "ಬಿಡಿ. ಈಗ ನಿಧಾನ. ಒಂದೇ ಹನಿ. ನಿಲ್ಲಿಸಿ" ಎನ್ನುತ್ತಾ ಸಾಲುಗಳ ನಡುವೆ ನಡೆಯುತ್ತಿದ್ದರು. ಯಾರ ಹೆಬ್ಬೆರಳು ಸಡಿಲವಾಗಿದೆ, ಯಾರು ಫ್ಲಾಸ್ಕ್ ಆಡಿಸುವುದನ್ನು ಮರೆತಿದ್ದಾರೆ, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ನನ್ನ ಬಲಗೈ ನೋಡಿ, ಫ್ಲಾಸ್ಕ್ ನೆಲಕ್ಕೆ ಬಿತ್ತಲ್ಲಮ್ಮಾ ಅಂದರು. ನಾನು ಗಾಬರಿಯಿಂದ ಕೆಳಗೆ ನೋಡಿಬಿಟ್ಟೆ. ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಪಾಠದ ಕೊನೆಗೆ, ಪ್ರಯೋಗ ಮಾಡಿದ ಹಾಗೆ, ಅವರೇ ಅಳತೆಗಳನ್ನು ಹೇಳಿ ಬರೆಸುತ್ತಿದ್ದರು; ಅದಕ್ಕೇ ಅಂಕ. ಹಾಗೆ ಬರೆಸುವಾಗ ಮಾತ್ರ ನಮ್ಮ ಮುಖ ನೋಡುತ್ತಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಕಂಡಕ್ಟರ್ ಅಕ್ಕ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆದ್ದರಿಂದ ಎಲ್ಲರ ಬಾಯಲ್ಲೂ ಅವಳು ಅದೇ. ಎರಡು ಮಕ್ಕಳ ತಾಯಿ. ಕ್ಲಾಸಿಗೆ ಬರುವಾಗಲೂ ಬಾಗಿಲಲ್ಲಿ ನಿಂತವರನ್ನು "ಒಳಗೆ ನಡೀರಿ, ಒಳಗೆ ನಡೀರಿ" ಎಂದು ತಳ್ಳಿಕೊಂಡೇ ಬರುತ್ತಿದ್ದಳು. ವಿಶ್ವವಿದ್ಯಾಲಯಕ್ಕೆ ಇಬ್ಬರೂ ಒಟ್ಟಿಗೇ ವರ್ಗಾವಣೆಯಾಗಿ ಹೋಗೋಣವೆಂದು ಮಾತಾಗಿತ್ತು. ಗಣಿತ ಅವಳನ್ನು ಒಂದು ಅವಧಿ, ಅಂದರೆ ಆರು ತಿಂಗಳು, ಹಿಂದಕ್ಕೆ ಹಾಕಿತು. ನಾನು ಮೊದಲು ಹೊರಟೆ.

ವಿಶ್ವವಿದ್ಯಾಲಯದಲ್ಲಿ ತರಗತಿಗಳ ನೋಂದಣಿ ನಡೆಯುವ ಕೋಣೆಯಲ್ಲಿ ಕಂಪ್ಯೂಟರುಗಳ ಮುಂದೆ ಹುಡುಗ ಹುಡುಗಿಯರು ಪಟಪಟನೆ ಒತ್ತುತ್ತಿದ್ದರು. ಹೊಸದಾಗಿ ಬಂದ ನಮಗೆ ಸರದಿ ಕೊನೆಗೆ, ಆದ್ದರಿಂದ ಅರ್ಧಕ್ಕರ್ಧ ತರಗತಿಗಳು ಆಗಲೇ ಭರ್ತಿ. ಸಲಹೆ ಕೊಡುವ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಅಂಕಪಟ್ಟಿ ನೋಡಿದರು. ಹಳೆಯ ಕಾಲೇಜಿನಲ್ಲಿ ಪ್ರಯೋಗ ಮಾಡಿದ್ದೀರಿ, ಅದನ್ನು ಇಲ್ಲಿಯ ಮೊದಲ ಹಂತದ ಲ್ಯಾಬಿಗೆ ಸಮ ಅಂತ ಒಪ್ಪಿದ್ದೇವೆ, ಸೀದಾ ಎರಡನೇ ಹಂತಕ್ಕೆ ಸೇರಿಕೊಳ್ಳಿ ಎಂದರು. ಆ ಕಾಲೇಜಿನಿಂದ ಬಂದವಳು ನಾನೇ ಮೊದಲಂತೆ. ನನಗೆ ಒಪ್ಪಿದ್ದು ಹಿಂದೆ ಬರುವವರಿಗೂ ಅನ್ವಯವಾಗುತ್ತದೆ; ಅಲ್ಲಿಯ ಪ್ರಯೋಗ ಸರಿಯಿಲ್ಲವೆಂದು ಗೊತ್ತಾದರೆ ಎಲ್ಲರ ಲ್ಯಾಬೂ ಲೆಕ್ಕದಿಂದ ಹೋಗುತ್ತದಂತೆ.

"ನಿಮ್ಮಿಂದ ಅವರಿಗೆಲ್ಲ ದಾರಿ ಸಲೀಸಾಯ್ತು" ಎಂದು ನಕ್ಕರು.

ನಾನು ಹೂಂ ಅಂದೆ. ಎರಡನೇ ಹಂತದ ಲ್ಯಾಬಿನಲ್ಲಿ ಒಂದೇ ಜಾಗ ಉಳಿದಿತ್ತು. ಬೆರಳು ತಾನಾಗಿಯೇ ಒತ್ತಿಬಿಟ್ಟಿತು.

ಮೊದಲ ದಿನವೇ ಗುಟ್ಟು ರಟ್ಟಾಗುವುದರಲ್ಲಿತ್ತು. ನನ್ನ ಜೊತೆಗಾರನಾಗಿ ಸಿಕ್ಕವನು ಮಿತಭಾಷಿ, ಸದಾ ತೋಳು ಮಡಚಿದ ಅಂಗಿ. ಅವನು ಬೆಳಗಿನಿಂದ ಸೋಸಿ, ತೂಗಿ ಮಾದರಿ ಸಿದ್ಧ ಮಾಡಿದ್ದ. ಅಳೆಯುವ ಕೆಲಸ ನನ್ನದು. ಎಡಗೈ ಸರಿಯಾದ ಜಾಗಕ್ಕೇ ಹೋಯಿತು, ಹೆಬ್ಬೆರಳೂ ಸರಿಯಾಗಿ ಕೂತಿತು. ಆದರೆ ಗಾಳಿಯ ನಲ್ಲಿ ಯಾವತ್ತೂ ಬಿಗಿಯಾಗಿರಲಿಲ್ಲ. ಇದು ಅಲುಗಲಿಲ್ಲ, ಒತ್ತಿ ತಿರುಗಿಸಿದೆ, ದ್ರಾವಣ ಧಾರೆಯಾಗಿ ಸುರಿಯಿತು. ತೆಳು ಗುಲಾಬಿ ಆಗಬೇಕಿದ್ದ ನೀರು ಕ್ಷಣದಲ್ಲಿ ಕಡು ಗುಲಾಬಿ. ಅವನ ಬೆಳಗಿನ ಕೆಲಸವೆಲ್ಲ ನೀರುಪಾಲು. ಅವನು ಬೈಯಲಿಲ್ಲ. ಫ್ಲಾಸ್ಕ್ ತೊಳೆದಿಡುತ್ತಾ, ನಲ್ಲಿ ಬಿಗಿಯಿತ್ತೇನೋ ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತರಗತಿ ಬದಲಾಯಿಸಿಕೊಳ್ಳಲು ಆ ವಾರದ ಕೊನೆಯವರೆಗೆ ಅವಕಾಶವಿತ್ತು. ನಿಜ ಹೇಳಿ ಮೊದಲ ಹಂತಕ್ಕೆ ಇಳಿಯಬಹುದು. ಆದರೆ ಕಂಡಕ್ಟರ್ ಅಕ್ಕ? ಮುಂದಿನ ಅವಧಿಗೆಂದು ಅವಳು ಡಿಪೋದಲ್ಲಿ ಕಾಡಿಬೇಡಿ ಅರ್ಧ ಪಾಳಿ ಗಿಟ್ಟಿಸಿದ್ದಳು. ಲ್ಯಾಬ್ ಲೆಕ್ಕಕ್ಕೆ ಬರದಿದ್ದರೆ ಅವಳ ಓದು ಒಂದು ವರ್ಷ ಉದ್ದವಾಗುತ್ತದೆ, ಡಿಪೋದವರು ಅರ್ಧ ಪಾಳಿಯನ್ನು ಅಷ್ಟು ದಿನ ಕೊಡುವುದಿಲ್ಲ. ನನ್ನ ಒಂದು ಮಾತಿನಿಂದ ಅವಳು ಓದನ್ನೇ ಬಿಡಬೇಕಾಗುತ್ತಿತ್ತು.

ಮನಸ್ಸು ತಡೆಯದೆ ಅವಳ ಬಸ್ ಹತ್ತಿದೆ. ಅವಳು ಟಿಕೆಟ್ ಹರಿಯುತ್ತಾ ಹರಿಯುತ್ತಾ ಬಂದು ನನ್ನ ಸೀಟಿನ ಕಂಬಿಗೆ ಒರಗಿ ನಿಂತಳು. ನಾನು ತುಂಡು ತುಂಡಾಗಿ ಎಲ್ಲ ಹೇಳಿದೆ. ನಡುನಡುವೆ ಅವಳು ಹೋಗಿ ಚಿಲ್ಲರೆ ಕೊಟ್ಟು, ಯಾರನ್ನೋ ಗದರಿಸಿ ಬರುತ್ತಿದ್ದಳು.

"ನೀರೆಲ್ಲ ಕೆಂಪಾಗೋಯ್ತಾ?" ಎಂದು ಮೊದಲು ಕೇಳಿದ್ದು ಅದನ್ನೇ.

"ಹೂಂ ಅಕ್ಕ."

"ಗಾಳೀಲಿ ಚೆನ್ನಾಗೇ ಮಾಡ್ತಿದ್ಯಲ್ಲೇ."

ನನಗೆ ನಗು ಬರಲಿಲ್ಲ. ಅವಳೂ ನಗಲಿಲ್ಲ. ಹಿಂದಿನ ಸೀಟಿನವರಿಗೆ ಟಿಕೆಟ್ ಕೊಟ್ಟು ಬಂದಳು.

"ನೋಡು, ಹೇಳ್ಬೇಡ ಅಂತ ನಾನು ಅನ್ನಲ್ಲ. ಹೇಳು ಅಂತಾನೂ ಅನ್ನಲ್ಲ. ನಿನಗೆ ನಿದ್ದೆ ಬರಲ್ಲ ಅಂತ ಅದನ್ನ ನನ್ನ ಬಾಯಿಂದ ಯಾಕೆ ಹೇಳಿಸ್ತೀಯಾ?"

ಅವಳು ಹೇಳಿದ್ದು ನಿಜ. ಅಪ್ಪಣೆ ಪಡೆಯಲೆಂದೇ ನಾನು ಹೋಗಿದ್ದೆ. ಹೇಳು ಅಂದಿದ್ದರೆ ಭಾರ ಅವಳದು, ಬೇಡ ಅಂದಿದ್ದರೂ ಅವಳದು. ನಿಲ್ದಾಣ ಬಂದಾಗ ಅವಳು ಎಲ್ಲರಿಗೂ ಹೇಳುವ ಹಾಗೆಯೇ ನನಗೂ "ನಿನ್ ಸ್ಟಾಪ್ ಬಂತು, ಇಳಿ" ಅಂದಳು.

ವಾರದ ಕೊನೆಯ ದಿನ ಮೇಡಂ ಮುಂದೆ ಹೋಗಿ ಕೂತೆ. ದಾರಿಯುದ್ದಕ್ಕೂ ಒಂದು ಉಪಾಯ ಹೆಣೆದುಕೊಂಡಿದ್ದೆ. ನನ್ನ ಮಟ್ಟಿಗೆ ನಿಜ ಹೇಳುವುದು, ಅಕ್ಕನ ದಾರಿಯನ್ನೂ ಮುಚ್ಚದಿರುವುದು. ಆಗ ಅದು ಬಹಳ ಒಳ್ಳೆಯ ಉಪಾಯವಾಗಿ ಕಂಡಿತ್ತು.

ಪ್ರಯೋಗದ ದಿನಗಳಲ್ಲಿ ಲಾಂಡ್ರಿಯಲ್ಲಿ ಕೆಲಸ ಹೆಚ್ಚಿರುತ್ತಿತ್ತು, ನಾನು ಹೋಗುತ್ತಲೇ ಇರಲಿಲ್ಲ, ನನಗೆ ಬ್ಯೂರೆಟ್ ಹಿಡಿಯಲು ಬರುವುದಿಲ್ಲ, ದಯವಿಟ್ಟು ಮೊದಲ ಹಂತಕ್ಕೆ ಹಾಕಿ ಎಂದೆ. ಉಳಿದವರೆಲ್ಲ ಮಾಡಿದರೇ ಎಂದು ಮೇಡಂ ಕೇಳಿದರು. ಎಲ್ಲರೂ ಚೆನ್ನಾಗಿ ಮಾಡಿದರು ಎಂದೆ.

"ನೀವು ಬರದೇ ಇದ್ರೂ ಅಂಕ ಹೆಂಗೆ ಬಂತು? ನಿಮ್ಮ ಮೇಷ್ಟ್ರು ಗಮನಿಸ್ತಿರಲಿಲ್ವಾ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಬೋರ್ಡಿನ ಮೇಲಿನ ಆಳೆತ್ತರದ ಕೊಳವೆ, ಅದರ ಒಂದೊಂದು ಗೀಟು, ಸಾಲುಗಳ ನಡುವೆ ನಡೆಯುತ್ತಾ ನಮ್ಮ ಬರಿಗೈಗಳನ್ನು ನೋಡುತ್ತಿದ್ದ ಆ ಮನುಷ್ಯ, ಎಲ್ಲ ಕಣ್ಣ ಮುಂದೆ ಬಂತು.

"ಇಲ್ಲ ಮೇಡಂ, ಅವರು ಅಷ್ಟಾಗಿ ಗಮನಿಸ್ತಿರಲಿಲ್ಲ" ಎಂದೆ.

ಹೇಳಿ ಮುಗಿಸಿದಾಗ ನನ್ನ ಎಡಗೈ ಮೇಜಿನ ಮೇಲೆ, ಇಲ್ಲದ ನಲ್ಲಿಯೊಂದರ ಸುತ್ತ ಬಾಗಿಕೊಂಡಿತ್ತು. ಮೇಡಂ ಆ ಕೈಯನ್ನೇ ನೋಡುತ್ತಿದ್ದರು. ನಾನು ಅದನ್ನು ಮಡಿಲಿಗೆ ಎಳೆದುಕೊಂಡೆ. ಅವರು ಕಂಪ್ಯೂಟರಿನತ್ತ ತಿರುಗಿ ಮೊದಲ ಹಂತಕ್ಕೆ ನನ್ನ ಹೆಸರು ಸೇರಿಸಿದರು. ಒಳ್ಳೆಯದಾಗಲಿ ಎಂದಷ್ಟೇ ಹೇಳಿದರು.

ಮುಂದಿನ ಅವಧಿಗೆ ಕಂಡಕ್ಟರ್ ಅಕ್ಕ ಬಂದಳು. ಅವಳ ಲ್ಯಾಬನ್ನು ಯಾರೂ ಪ್ರಶ್ನಿಸದೆ ಒಪ್ಪಿದರು. ತರಗತಿ ಶುರುವಾಗುವ ಮುಂಚೆ, ಅಭ್ಯಾಸಕ್ಕೆಂದು ಲ್ಯಾಬ್ ತೆರೆದಿಡುವ ಹೊತ್ತಿನಲ್ಲಿ ಅವಳನ್ನು ಕರೆದುಕೊಂಡು ಹೋಗಿ ಕೈಗೆ ನಿಜವಾದ ಬ್ಯೂರೆಟ್ ಕೊಟ್ಟೆ. ವರ್ಷಗಟ್ಟಲೆ ಟಿಕೆಟ್ ಹರಿದ ಬೆರಳುಗಳು ಬೇಗ ಕಲಿತವು. ಒಂದು ಹನಿಗೆ ನೀರು ತೆಳು ಗುಲಾಬಿಗೆ ತಿರುಗಿ ಹಾಗೇ ನಿಂತಾಗ, ಅವಳು ಫ್ಲಾಸ್ಕನ್ನು ಬೆಳಕಿಗೆ ಹಿಡಿದು, ಮೇಷ್ಟ್ರು ಇದನ್ನು ನೋಡಬೇಕಿತ್ತು ಅಂದಳು. ನಾನು ಬ್ಯೂರೆಟ್ ತೊಳೆಯತೊಡಗಿದೆ. ಮೇಡಂಗೆ ಏನು ಹೇಳಿ ತರಗತಿ ಬದಲಾಯಿಸಿಕೊಂಡೆಯೆಂದು ಅವಳು ಕೇಳಿರಲಿಲ್ಲ. ನಾನಾಗಿ ಹೇಳಿರಲೂ ಇಲ್ಲ.

ಅವಳೇ ಮುಂದೆ ಸುದ್ದಿ ಹೇಳಿದಳು. ಮೇಷ್ಟ್ರು ಈಗ ಸಂಜೆ ಕಾಲೇಜಿಗೆ ಬರುತ್ತಿಲ್ಲವಂತೆ. ಗಂಟಲು ಕೆಟ್ಟಿತು ಅನ್ನುವವರಿದ್ದಾರೆ, ಅವರೇ ಸಾಕೆಂದು ಬಿಟ್ಟರು ಅನ್ನುವವರಿದ್ದಾರೆ, ಮೇಲಿನವರು ಏನೋ ವಿಚಾರಿಸಿದರು ಅನ್ನುವವರೂ ಇದ್ದಾರೆ. ಆ ಶಾಲೆಯ ಬೀದಿಯವರೆಗೆ ನಾನು ಹೋಗಿದ್ದೇನೆ, ಗೇಟು ದಾಟದೆ ವಾಪಸ್ ಬಂದಿದ್ದೇನೆ. ಮೇಡಂ ಆ ದಿನ ನನ್ನ ಮಾತು ನಂಬಿದರೋ, ನನ್ನ ಕೈ ನೋಡಿ ಬೇರೇನಾದರೂ ಅರ್ಥಮಾಡಿಕೊಂಡರೋ, ಅದನ್ನು ಯಾರಿಗಾದರೂ ಹೇಳಿದರೋ ನನಗೆ ಗೊತ್ತಿಲ್ಲ. ಮೇಷ್ಟ್ರು ಬಿಟ್ಟಿದ್ದು ನನ್ನ ಮಾತಿನಿಂದಲೋ ಅಲ್ಲವೋ, ಅದೂ ಗೊತ್ತಿಲ್ಲ.