‘ನಂದು’ ಎನ್ನುತ್ತಿದ್ದ ನಂದಕ್ಕ

‘ನಮ್ಮ’ ಎಂಬ ಶಬ್ದವನ್ನು ಕಂಡರಾಗದ ಒಬ್ಬರೇ ಒಬ್ಬರನ್ನು ನಾನು ನೋಡಿದ್ದೇನೆ. ಒಬ್ಬಳೇ ತಾಯಿಗೆ ಒಬ್ಬನೇ ಮಗನಾದವನೂ ‘ನಮ್ಮಮ್ಮ’ ಎನ್ನುವುದು ನಮ್ಮ ರೂಢಿ. ‘ನನ್ನಮ್ಮ’ ಎನ್ನಹೋದರೆ ಏನೋ ದುರಾಸೆಯ ಮಾತಾಡಿದಂತೆ ನಾಲಿಗೆ ತಡವರಿಸುತ್ತದೆ. ಅಂಥ ಸೌಜನ್ಯದ ಶಬ್ದವನ್ನು ತೀವ್ರ ನಿಗಾ ಘಟಕದ ಗಾಜಿನ ಬಾಗಿಲೊಳಗೆ ಕಾಲಿಡಗೊಡದೆ ಕಾಯುತ್ತಿದ್ದವರು ಅವರು. ಬೆಳಗಿನ ಸರದಿ ಬದಲಾಗುವಾಗ ಒಂದೊಂದು ಮಂಚದ ಕಾಲ್ದೆಸೆಯ ಕಂಬಿಯ ಮೇಲೂ ಅಂಗೈ ಊರಿ “ಯಾರದ್ದು?” ಎಂದು ಕೇಳುವರು. ಡಾಕ್ಟರೋ ತಾವೋ, ಇಬ್ಬರಲ್ಲೊಬ್ಬರು “ನಂದು” ಎಂದು ಬಾಯಿಬಿಟ್ಟು ಹೇಳುವ ತನಕ ಮುಂದಿನ ಮಂಚಕ್ಕೆ ಹೆಜ್ಜೆ ಕದಲದು. ಹೀಗೆ ‘ನಂದು ನಂದು’ ಎಂದೇ ಅವರಿಗೆ ನಂದಕ್ಕ ಎಂಬ ಅಡ್ಡಹೆಸರು ಬಿದ್ದು, ರೋಗಿಗಳ ಕಡೆಯವರೆಲ್ಲ ಅದನ್ನು ಹೆತ್ತವರಿಟ್ಟ ಹೆಸರೆಂದೇ ನಂಬಿದ್ದರು. ನಾನೂ ನಂಬಿದ್ದೆ.

ಅವರದು ನರ್ಸ್ ಪ್ರಾಕ್ಟಿಷನರ್ ಹುದ್ದೆ. ದಾದಿಯಾಗಿ ವರ್ಷಗಟ್ಟಲೆ ದುಡಿದು, ಮತ್ತೆ ಓದಿ, ಔಷಧ ಬರೆಯುವುದಕ್ಕೂ ಶ್ವಾಸನಾಳಕ್ಕೆ ಕೊಳವೆ ಇಳಿಸುವುದಕ್ಕೂ ಅಧಿಕಾರ ಪಡೆದವರು. ಎದುರುಬದುರಾಗಿದ್ದ ಎರಡು ಕೋಣೆಗಳಿಗೆ ಮೊದಲು ಇಬ್ಬರು ಡಾಕ್ಟರಿದ್ದರಂತೆ. ಒಬ್ಬರು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಯಾರೂ ಬಾರದೆ, ಒಬ್ಬ ಡಾಕ್ಟರು ಮತ್ತು ನಂದಕ್ಕ ಮಂಚಗಳನ್ನು ಹಂಚಿಕೊಂಡು ನೋಡುತ್ತಿದ್ದರು. ಆ ಡಾಕ್ಟರಿಗೆ ಎಲ್ಲರೂ ‘ದೊಡ್ಡ ಡಾಕ್ಟರು’ ಎನ್ನುತ್ತಿದ್ದರು, ಆಳು ಮಾತ್ರ ನನ್ನ ಭುಜಕ್ಕೆ ಬರುತ್ತಿದ್ದರು. ಶ್ವಾಸಕೋಶದ ಸೋಂಕಿನಿಂದ ಮಲಗಿದ್ದ ನನ್ನ ಅಕ್ಕ ನಂದಕ್ಕನ ಪಾಲಿಗೆ ಬಂದಳೆಂದು ತಿಳಿದಾಗ ನಾನು ಮೂಗು ಮುರಿದದ್ದು ನಿಜ. ಬಣ್ಣಗೆಟ್ಟ ಬೂದು ಸ್ವೆಟರು, ಎಷ್ಟು ಸಲ ಮೇಲೇರಿಸಿದರೂ ಜಾರಿ ಬೀಳುವ ಅದರ ಸಡಿಲ ತೋಳು, ನಡೆದಾಗ ಎಡಗಾಲಿನದು ಮಾತ್ರ ಕೀರೆನ್ನುವ ರಬ್ಬರ್ ಬೂಟು, ಪ್ರತಿ ಮಾತಿನ ಬಾಲಕ್ಕೂ “ಸರೀನಾ?” ಎಂದು ಅಂಟಿಸಿ ಉತ್ತರಕ್ಕೆ ಕಾಯುವ ಚಾಳಿ, ಇವನ್ನೆಲ್ಲ ಕಂಡು ನನ್ನ ಧೈರ್ಯವೇನೂ ಹೆಚ್ಚಲಿಲ್ಲ.

“ನಮ್ಮಕ್ಕನ್ನ ಡಾಕ್ಟರು ನೋಡಲ್ವಾ?” ಎಂದೆ.

“ನೋಡ್ತಾರೆ. ಆದ್ರೆ ನಿಮ್ಮಕ್ಕ ಇವತ್ತು ನನ್ನೋರು. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನೀವು ಬೈಬೇಕಾದ್ದು ನನ್ನನ್ನ. ಸರೀನಾ?”

ಉತ್ತರಕ್ಕೆ ಕಾದರು. ನಾನು ಸರಿ ಎನ್ನಲೇಬೇಕಾಯಿತು.

ಈ ಹಟದ ಮೂಲವನ್ನು ಅವರೇ ಒಮ್ಮೆ, ಚಹಾದ ಲೋಟ ಹಿಡಿದು ಕಾರಿಡಾರಿನ ಗೋಡೆಗೆ ಒರಗಿದ್ದಾಗ ಹೇಳಿದರು. ರಕ್ತ ತೆಳುವಾಗಿಸುವ ಔಷಧವನ್ನು ನಿಲ್ಲಿಸಬೇಕಾಗಿದ್ದ ಒಬ್ಬ ರೋಗಿ. ಡಾಕ್ಟರು ನಿಲ್ಲಿಸಿರುತ್ತಾರೆಂದು ಇವರು, ಇವರು ನಿಲ್ಲಿಸಿರುತ್ತಾರೆಂದು ಡಾಕ್ಟರು. ಇಬ್ಬರೂ ಬಲ್ಲವರು, ಇಬ್ಬರೂ ಎಚ್ಚರದವರು, ಒಬ್ಬರ ಮೇಲೊಬ್ಬರಿಗೆ ಪೂರ್ತಿ ಭರವಸೆ. ಔಷಧ ಹರಿಯುತ್ತಲೇ ಇತ್ತು. “ಅವತ್ತು ನಾವಿಬ್ರೂ ಅವರನ್ನ ‘ನಮ್ಮ ಪೇಶೆಂಟು’ ಅಂತಿದ್ವಿ” ಎಂದರು. ಆ ರೋಗಿ ಏನಾದರು ಎಂದು ನಾನು ಕೇಳಲಿಲ್ಲ.

ಉಸಿರಾಟಕ್ಕೆಂದು ಅಕ್ಕನ ಗಂಟಲಿಗೆ ಇಳಿಸಿದ್ದ ಕೊಳವೆಯನ್ನು ತೆಗೆದ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಕೆಟ್ಟಿತು. ನಾನು ಪಕ್ಕದಲ್ಲೇ ಇದ್ದೆ. ಕತ್ತಿನ ನರಗಳು ಹುರಿಯಂತೆ ಬಿಗಿದು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಜೀವನವಿಡೀ ನನ್ನನ್ನು ಗದರಿಸಿಕೊಂಡೇ ಬಂದ ಹೆಂಗಸು ಒಂದು ಶಬ್ದಕ್ಕೂ ಗಾಳಿ ಸಾಲದೆ ನನ್ನ ಕಡೆ ನೋಡುತ್ತಿದ್ದಳು. ನಂದಕ್ಕ ಬಂದರು. ಮುಖಕ್ಕೆ ಮಾಸ್ಕ್ ಬಿಗಿದರು, ಸೂಜಿಮದ್ದು ಕೊಡಿಸಿದರು, ಏನೂ ಹಿಡಿಯಲಿಲ್ಲ. ಕೊಳವೆಯನ್ನು ಮತ್ತೆ ಇಳಿಸುವುದೊಂದೇ ದಾರಿ. ಅಕ್ಕನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸಲು ನೋಡಿದರು. ಸಂಧಿವಾತದಿಂದ ಮರಗಟ್ಟಿದ್ದ ಆ ಕತ್ತು ಬಾಗಲಿಲ್ಲ. ಅವರ ಕೈ ಅಲ್ಲೇ ನಿಂತದ್ದನ್ನು ನಾನು ನೋಡಿದೆ.

ಎದುರು ಕೋಣೆಯಲ್ಲಿ ದೊಡ್ಡ ಡಾಕ್ಟರು ಹೃದಯ ಸೋತಿದ್ದ ಒಬ್ಬ ಯಜಮಾನರ ರಕ್ತದೊತ್ತಡ ಕುಸಿಯುತ್ತಿದ್ದುದನ್ನು ತಡೆಯಲು ಹೆಣಗುತ್ತಿದ್ದರು. ನಡುವೆ ಒಂದು ಕಾರಿಡಾರು, ಎರಡು ತೆರೆದ ಬಾಗಿಲು.

“ಸರ್, ಇದು ನನ್ನ ಕೈಗೆ ಮೀರಿದ್ದು!” ನಂದಕ್ಕನ ಗಂಟಲು ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. “ಕತ್ತು ಬಗ್ತಾ ಇಲ್ಲ. ಒಂದೇ ಸಲಕ್ಕೆ ಆಗ್ಬೇಕು. ಇದು ನಿಮ್ಮದು, ಬನ್ನಿ!”

“ಇಲ್ಲಿ ಬಿಟ್ಟು ಬಂದ್ರೆ...”

“ಅದು ನಂದು!”

ಕಾರಿಡಾರಿನ ನಡುವೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿದರು. ಡಾಕ್ಟರು ಅಕ್ಕನ ತಲೆದೆಸೆಗೆ ಬಂದವರೇ “ನಂದು” ಎಂದರು, ಯಾರೂ ಕೇಳದಿದ್ದರೂ. ನನ್ನನ್ನು ಹೊರಗೆ ತಳ್ಳಿದರು. ಗಾಜಿಗೆ ಹಣೆ ಒತ್ತಿ ನಿಂತ ನನಗೆ ಒಂದು ಕಡೆ ಡಾಕ್ಟರ ಬಾಗಿದ ಬೆನ್ನು, ಇನ್ನೊಂದು ಕಡೆ ಮಂಚಕ್ಕೆ ಮಂಡಿಯೂರಿ ಯಜಮಾನರ ಎದೆಯನ್ನು ಒತ್ತುತ್ತಿದ್ದ ನಂದಕ್ಕ, ಪ್ರತಿ ಒತ್ತಿಗೂ ಜಾರಿ ಮಣಿಕಟ್ಟಿಗೆ ಬೀಳುತ್ತಿದ್ದ ಆ ಬೂದು ತೋಳು ಕಾಣುತ್ತಿತ್ತು. ಯಾವ ಕಡೆ ನೋಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಡಾಕ್ಟರ ಬೆನ್ನು ನೆಟ್ಟಗಾಯಿತು, ಅಕ್ಕನ ಎದೆ ಏರಿತು, ಇಳಿಯಿತು. ಡಾಕ್ಟರು ಆಚೆಗೆ ಓಡಿದರು. ಎದುರು ಕೋಣೆಯಲ್ಲಿ ಆ ತೋಳು ಇನ್ನೂ ಬಹಳ ಹೊತ್ತು ಜಾರುತ್ತಲೇ ಇದ್ದು, ಆಮೇಲೆ ನಿಂತಿತು.

ನಾನು ಹೋಗಿ ಕೂತ ಕುರ್ಚಿಯ ಪಕ್ಕದಲ್ಲೇ ಯಜಮಾನರ ಹೆಂಡತಿ ಕೂತಿದ್ದರು. ನಾಲ್ಕು ದಿನದಿಂದ ನಾವು ಒಂದೇ ಫ್ಲಾಸ್ಕಿನ ಚಹಾ ಕುಡಿದವರು. ನಂದಕ್ಕ ಹೊರಬಂದು ವಿಷಯ ಹೇಳಿದಾಗ ಆಕೆ ಅಳಲಿಲ್ಲ. “ಡಾಕ್ಟರು ಎದ್ದು ಹೋಗಿದ್ದು ನಾನು ನೋಡ್ದೆ. ಆವಾಗ ನಮ್ಮನೆಯವ್ರು ಯಾರ ಕೈಲಿದ್ರು?” ಎಂದು ಕೇಳಿದರು.

ಡಾಕ್ಟರು ಎಲ್ಲಿಗೆ, ಯಾರಿಗಾಗಿ ಹೋದರೆಂದು ಹೇಳಲು ನಂದಕ್ಕನಿಗೆ ಒಂದು ಕಣ್ಣಸನ್ನೆ ಸಾಕಿತ್ತು. ನಾನು ಅಲ್ಲೇ, ಮೊಳದಂತರದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅಕ್ಕ ಉಳಿದ ಸಂತೋಷಕ್ಕೆ ಆ ಕ್ಷಣ ನನಗೆ ನಾಚಿಕೆಯಾಯಿತು. ನಂದಕ್ಕ ನನ್ನತ್ತ ತಿರುಗಲೇ ಇಲ್ಲ.

“ನನ್ನ ಕೈಲಿದ್ರು. ಡಾಕ್ಟರನ್ನ ಕರೆದೋಳೂ ನಾನೇ.”

ಹಿಂದೆಯೇ ಬಂದ ಡಾಕ್ಟರು, “ನಾನಿದ್ದಿದ್ರೂ ಇಷ್ಟೇ ಆಗ್ತಿತ್ತು ತಾಯಿ, ನಾವು ಮಾಡೋದೆಲ್ಲ...” ಎಂದು ಶುರುಮಾಡಿದರು. ಅದು ನಿಜವೇ ಇದ್ದೀತು. ನಂದಕ್ಕ ಅದಕ್ಕೆ ಹೂಂಗುಟ್ಟಲಿಲ್ಲ. ಆ ಹೆಂಗಸಿನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುರ್ಚಿಯ ಕೈಹಿಡಿಯ ಮೇಲೆ ಅಂಗೈ ಊರಿದರು. ಬೈಯಲಿ ಎಂದು ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಆಕೆ ಬೈದರು, ನೋವಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬೈದರು. ಆಮೇಲೆ ಅದೇ ಬೂದು ಸ್ವೆಟರಿನ ತೋಳನ್ನು ಮುಷ್ಟಿಯಲ್ಲಿ ಹಿಡಿದು ಅತ್ತರು.

ಅಕ್ಕ ತನ್ನ ಕಾಲ ಮೇಲೆ ತಾನು ಆ ಬಾಗಿಲು ದಾಟಿದ ದಿನ ನಾನು ನಂದಕ್ಕನಿಗೆ ಕೈಮುಗಿದು, “ಇವಳನ್ನ ಉಳಿಸಿದ್ದು ನೀವು” ಎಂದೆ. ಸ್ವೆಟರಿನ ತೋಳನ್ನು ಮೇಲೇರಿಸುತ್ತ ಅವರು, “ಅಯ್ಯೋ, ಅದೆಲ್ಲ ನಮ್ಮೆಲ್ಲರದ್ದು” ಎಂದುಬಿಟ್ಟರು.

ಆ ಶಬ್ದ ಅವರ ಬಾಯಲ್ಲಿ ಬಂದದ್ದನ್ನು ಕೇಳಿ ಬೆರಗಾಗಿ ನಿಂತೆ. ಲೋಕದಲ್ಲಿ ನಾವು ಬಹುಪಾಲು ಮಂದಿ ಗೆದ್ದಾಗ ‘ನಂದು’ ಎಂದು ಮುಂದೆ ಬಂದು, ಸೋತಾಗ ‘ನಮ್ಮದು’ ಎಂಬ ಗುಂಪಿನೊಳಗೆ ಮುಖ ಮರೆಸಿಕೊಳ್ಳುತ್ತೇವೆ. ನಾನಂತೂ ಹಾಗೆಯೇ ಬದುಕಿದವನು. ಇದನ್ನು ತಿರುವುಮುರುವು ಮಾಡಿ ಆಡುವ ಕೆಲವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಪ್ರಾಣ ಕುತ್ತಿಗೆಗೆ ಬಂದಾಗ ನಾವು ಒಳಗೊಳಗೇ ಹುಡುಕುವುದು ಡಾಕ್ಟರನ್ನೋ ದಾದಿಯನ್ನೋ ಅಲ್ಲ, ‘ಯಾರದ್ದು?’ ಎಂದು ಕೇಳಿದರೆ ನಮ್ಮ ಮಂಚದ ಕಂಬಿಯ ಮೇಲೆ ಕೈ ಊರುವ ಅಂಥ ಒಬ್ಬರನ್ನು.