ಅರ್ಧ ಚಮಚ

ಓಟ್ಸ್ ಹಾಲಿನ ಡಬ್ಬಿ ತಣ್ಣಗಿದೆ, ಅಂಗಡಿಯ ಕಪಾಟಿನಿಂದ ಅದನ್ನೆತ್ತಿಕೊಂಡ ನರ್ಸಮ್ಮ ಕನ್ನಡಕ ಏರಿಸಿ ಹಿಂಬದಿಯ ಸಣ್ಣಕ್ಷರ ಓದಿದಳು — ಹಾಲಿನ ಅಂಶ ಇರಬಹುದು — ಇರಬಹುದಂತೆ, ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು ರಿಟೈರ್ ಆದವಳು, ಇರಬಹುದು ಅಂತ ಯಾರಿಗೂ ಔಷಧಿ ಕೊಟ್ಟವಳಲ್ಲ, ಇಟ್ಟುಬಿಟ್ಟಳು. ತೆಂಗಿನ ಹಾಲಿನ ಜಾಗ ಖಾಲಿ, ಇದು ಮೂರನೇ ಅಂಗಡಿ. ಬಾದಾಮಿಯದು ಬೇಡವೇ ಬೇಡ, ಅಲರ್ಜಿ ಪರೀಕ್ಷೆ ಆಗುವ ತನಕ ಮಗುವಿಗೆ ಮುಟ್ಟಿಸಬೇಡಿ ಅಂದಿದ್ದಾರೆ ಡಾಕ್ಟರು. ಉಳಿದದ್ದು ಸೋಯಾ, ಸಾಲುಸಾಲು ಸೋಯಾ, ಮೊಮ್ಮಗಳು ಚಿನಕುರುಳಿ ವರ್ಷವಿಡೀ ಗಟಗಟ ಕುಡಿದು ಬಿಳಿ ಮೀಸೆ ಮಾಡಿಕೊಳ್ಳುತ್ತಿದ್ದದ್ದು, ಅವಳಿಗೆ ಏನೂ ಮಾಡದ್ದು, ಮತ್ತು ಈಗ ಮಗಳು ಬರೆದುಕೊಟ್ಟ ಚೀಟಿಯಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದು. ಹೊಡೆಸಿದ್ದು ಯಾರು, ನೀನೇ ಅಲ್ಲವೇ ಮಹಾತಾಯಿ, ತನಗೆ ತಾನೇ ಅಂದುಕೊಂಡಳು. ಹೋದ ತಿಂಗಳ ಆ ಮಧ್ಯಾಹ್ನ, ಮಗಳು ಕೆಲಸಕ್ಕೆ ಹೋಗಿದ್ದಾಳೆ, ಮಗುವಿಗೆ ಮೂರು ತುಂಬಿತು, ಹಾಲಿನ ಅಲರ್ಜಿ ಇಷ್ಟರಲ್ಲಿ ಇಳಿದಿರುತ್ತೆ, ಇಂಜೆಕ್ಷನ್ನಿಗೆ ಮೊದಲು ಚರ್ಮದಡಿ ಒಂದು ಹನಿ ಹಾಕಿ ನೋಡುವುದಿಲ್ಲವೇ, ಹಾಗೇ, ಅರ್ಧ ಚಮಚ ಹಸುವಿನ ಹಾಲು, ನೋಡೇಬಿಡೋಣ — ಆ ಅನ್ನು ಬಂಗಾರಿ — ಆ ಅಂದಿತ್ತು ಮಗು, ಎಷ್ಟು ದೊಡ್ಡದಾಗಿ ಬಾಯಿ ತೆರೆದಿತ್ತು, ನಾಲ್ಕೇ ನಿಮಿಷ, ತುಟಿ ಊದಿ, ಉಸಿರು ಸುಯ್ ಅಂದು, ಆಂಬುಲೆನ್ಸು, ಬದುಕಿತು, ದೇವರು ದೊಡ್ಡವನು, ಆಸ್ಪತ್ರೆಗೆ ಓಡಿಬಂದ ಮಗಳು, ಏನು ಕೊಟ್ಟೆ ಅಮ್ಮಾ, ಏನು ಕೊಟ್ಟೆ — ಸೋಯಾ ಕಣೆ, ದಿನಾ ಕೊಡೋದೇ — ಬಾಯಿಂದ ಬಂದೇಬಿಟ್ಟಿತ್ತು, ಅಷ್ಟು ಹೆದರಿದ್ದಳು. ಆಮೇಲೆ ಮನೆಗೆ ಬಂದು ಆ ಚಮಚವನ್ನು ಎರಡು ಸಲ ತೊಳೆದಿದ್ದಳು.

ಫೋನು, ಮಗಳದೇ, ಸಿಕ್ತಾ ಅಮ್ಮಾ, ಯಾವುದೂ ಇಲ್ವಾ, ಹಂಗಾದ್ರೆ ಓಟ್ಸೇ ತಗೊಂಬಾ, ಹಾಲಿನ ಅಂಶ ಇರಬಹುದು ಅಂತ ಎಲ್ಲದರ ಮೇಲೂ ಹಾಕ್ತಾರೆ — ಬೇಡ ಕಣೆ, ಬೇಡ — ಮತ್ತೇನು ಕೊಡೋದು, ಸೋಯಾ ಅಂತೂ ಆಗಲ್ವಲ್ಲ, ನೀನೇ ಕಣ್ಣಾರೆ ನೋಡಿದೀಯ — ನಿಜ ಹೇಳಿದರೆ ಚಿನಕುರುಳಿಯನ್ನು ಇನ್ನು ತನ್ನ ಹತ್ತಿರ ಬಿಡುವುದಿಲ್ಲ, ಬಿಡಬಾರದು ಕೂಡ, ಹೇಳದಿದ್ದರೆ ಆ ಡಬ್ಬಿ, ಆ ಇರಬಹುದು, ಮತ್ತೆ ಆ ಸುಯ್ — ಅಮ್ಮಾ, ಇದೀಯಾ — ಸೋಯಾ ಅಲ್ಲ ಕಣೆ, ಅವತ್ತು, ಚಮಚದಲ್ಲಿ ನಾನು ಹಸುವಿನ ಹಾಲು — ಬಾಯಿ ತೆರೆದೇ ಇದೆ, ಆ ಅಂದ ಮಗುವಿನ ಹಾಗೆ, ಕಣ್ಣ ಮುಂದೆ ಅದೇ ಚಮಚ, ಅರ್ಧ, ಅಂಚಿನಲ್ಲಿ ಬಿಳಿ ಹನಿ, ಚಮಚ