ಬೋಳುತಲೆಗೆ ಬಂದ ಚೌರಿ

ನಾನು ಒಂದು ಚೌರಿ. ಜಡೆ ಗಿಡ್ಡವಾದ ಹೆಂಗಸರು ತಮ್ಮ ಕೂದಲಿಗೆ ಸೇರಿಸಿ ಹೆಣೆದುಕೊಳ್ಳುತ್ತಾರಲ್ಲ, ಅದೇ. ಎಲ್ಲರಿಗೂ ಒಬ್ಬಳೇ ತಾಯಿ, ನನಗೆ ಮೂವರು. ನನ್ನ ಒಂದು ಎಳೆ ಅಚ್ಚ ಕಪ್ಪು, ಇನ್ನೊಂದು ನರೆ ಬೆರೆತದ್ದು, ಮತ್ತೊಂದು ಮೆಹಂದಿ ಹಚ್ಚಿ ಕೆಂಪಾದದ್ದು. ನೋಡಲು ಚಂದವಿಲ್ಲ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಈ ಮೂವರೂ ಬೆಟಗೇರಿಯ ಒಂದು ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುವವರು. ಕಪ್ಪು ಎಳೆ ನೀಲಕ್ಕನದು, ನರೆಯದು ದ್ಯಾಮವ್ವನದು, ಕೆಂಪು ಮಮತಾಜಬಿಯದು. ಬಾಚುವಾಗ ಉದುರಿದ ಕೂದಲನ್ನು ನಮ್ಮ ಕಡೆ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕುತ್ತಾರೆ. ಕೂದಲು ಕೇಳಿಕೊಂಡು ಬರುವವಳಿಗೆ ಅದನ್ನು ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಾರೆ.

ನೀಲಕ್ಕನ ಎದೆಯಲ್ಲಿ ಗಂಟಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ಮೊಲೆ ತೆಗೆದರು. ಆಮೇಲೆ ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಸಲ ಔಷಧದ ಸಲಾಯಿನ್ ಏರಿಸಬೇಕು ಎಂದರು. ಮೊದಲನೆಯದು ಏರಿಸಿ ಎರಡು ವಾರವಾದ ಮೇಲೆ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಅಳುತ್ತಲೇ ಅವಳು ಅದನ್ನೂ ಸುತ್ತಿ ಉಂಡೆ ಮಾಡಿದಳು. ಕೈಗೆ ಬಿದ್ದ ರೂಢಿ ಅದು. ಮೂರೇ ದಿನದಲ್ಲಿ ತಲೆ ಬೋಳಾಯಿತು. ಎರಡನೆಯ ಸಲಾಯಿನ್ನಿಗೆ ಹೋಗುವುದಿಲ್ಲವೆಂದು ಹಟ ಹಿಡಿದಳು.

"ಗಂಡ ಗಟ್ಟಿ ಇದ್ದಾಗ ಬೋಳ ತಲಿ ಹೊತ್ಕೊಂಡು ಬಸ್ ಸ್ಟ್ಯಾಂಡಿನ್ಯಾಗ ನಿಂದ್ರಲೇನು? ಸತ್ತರ ಸಾಯ್ತೀನಿ" ಎಂದಳು.

ಗಂಡ ಫಕ್ಕೀರಪ್ಪ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಆ ಉಂಡೆಗಳನ್ನೆಲ್ಲ ಚೀಲದಲ್ಲಿ ಹಾಕಿ ಗುಟ್ಟಾಗಿ ದ್ಯಾಮವ್ವನ ಕೈಗೆ ಕೊಟ್ಟ. ಅವಳೂ ಮಮತಾಜಬಿಯೂ ತಮ್ಮ ಗೋಡೆಯ ಸಂದಿಗಳನ್ನು ಬರಿದು ಮಾಡಿದರು. ಚೌರಿ ಕಟ್ಟುವ ಹುಲಿಗೆಮ್ಮ ಎಲ್ಲವನ್ನೂ ಸೀಗೆಕಾಯಿಯಲ್ಲಿ ತೊಳೆದು, ಸಿಕ್ಕು ಬಿಡಿಸಿ, ಬುಡಕ್ಕೆ ಕರಿದಾರ ಬಿಗಿದಳು. ನಾನು ಹುಟ್ಟಿದ್ದು ಹಾಗೆ.

ಇಬ್ಬರೂ ನನ್ನನ್ನು ಹೊಸ ಸೀರೆ ತರುವ ಸಡಗರದಲ್ಲಿ ತಂದರು. "ತಿರಗು ಬೇ, ಹೆಣಿತೀನಿ" ಎಂದು ದ್ಯಾಮವ್ವ ನೀಲಕ್ಕನ ಬೆನ್ನಹಿಂದೆ ಕೂತಳು. ನನ್ನ ದಾರವನ್ನು ಹಿಡಿದು ಕಟ್ಟಲು ಹೋದಳು. ಕೈ ಅಲ್ಲೇ ನಿಂತಿತು. ಚೌರಿ ಕಟ್ಟಲು ತಲೆಯಲ್ಲಿ ಗೇಣುದ್ದವಾದರೂ ಕೂದಲು ಬೇಕು! ಮೂವತ್ತು ವರ್ಷ ದಿನಾ ತಲೆ ಬಾಚಿಕೊಂಡ ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ನಾನು ಅವಳ ಕೈಯಲ್ಲೇ ಜೋತುಬಿದ್ದೆ.

ಮೊದಲು ನಕ್ಕವಳು ನೀಲಕ್ಕ. "ಎಲ್ಲಿಗೆ ಕಟ್ತಿ ದ್ಯಾಮವ್ವಾ, ಕಿವಿಗೇನು?" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ಮನೆಯಲ್ಲಿ ಯಾರೂ ನಕ್ಕು ತಿಂಗಳಾಗಿತ್ತು. ಮಮತಾಜಬಿ ಹಳೆಯ ಕರಿಬಟ್ಟೆಯಲ್ಲಿ ಕೂಸಿನ ಕುಂಚಿಗೆಯಂಥ ಟೋಪಿಯೊಂದನ್ನು ಹೊಲಿದು ಅದಕ್ಕೆ ನನ್ನನ್ನು ಜೋಡಿಸಿದಳು. ಮೇಲೆ ಸೆರಗು ಹೊದ್ದರೆ ಕೆಳಗೆ ಜಡೆಯಷ್ಟೇ ಕಾಣುತ್ತಿತ್ತು. ನೀಲಕ್ಕ ಕನ್ನಡಿ ನೋಡಿಕೊಂಡಳು, ಮರುದಿನ ಬಸ್ಸು ಹತ್ತಿದಳು.

ಐದು ಸಲ ನಾನು ಅವಳ ಜೊತೆ ಹುಬ್ಬಳ್ಳಿಗೆ ಹೋದೆ. ಒಮ್ಮೆ ದ್ಯಾಮವ್ವ, ಒಮ್ಮೆ ಮಮತಾಜಬಿ ಜೊತೆಗೆ ಬರುತ್ತಿದ್ದರು. ಊರಲ್ಲಿ ಉಳಿದವಳು ಹೋದವಳ ಪಾಲಿನ ರೊಟ್ಟಿಯನ್ನೂ ಬಡಿಯುತ್ತಿದ್ದಳು. ವಾರ್ಡಿನಲ್ಲಿ ಮಂಚ ಹತ್ತಿದ ಕೂಡಲೇ ನೀಲಕ್ಕ ನನ್ನನ್ನು ಕಿತ್ತು ಚೀಲದ ಮೇಲೆ ಇಡುತ್ತಿದ್ದಳು. ಅಲ್ಲಿಂದ ನಾನು ಎಲ್ಲವನ್ನೂ ನೋಡಿದೆ. ಕರುಳು ಕಿತ್ತುಬರುವಂಥ ವಾಂತಿ. ಬಾಯಿತುಂಬ ಹುಣ್ಣು. ಕಪ್ಪಾದ ಉಗುರುಗಳು. ರೊಟ್ಟಿಯ ವಾಸನೆಗೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ಗೆಳತಿಯರು ದಿನದ ಕೆಲಸ ಬಿಟ್ಟ ಮೇಲೆ ತಲೆತುಂಬ ನೀರು ಹಾಕಿಕೊಂಡೇ ಅವಳ ಮನೆಗೆ ಬರುತ್ತಿದ್ದರು. ಫಕ್ಕೀರಪ್ಪ ಅವಳ ಸೀರೆಗಳನ್ನು ಒಗೆಯುವುದನ್ನು ಕಲಿತ. ಓಣಿಯ ಗಂಡಸರು ಆಡಿಕೊಂಡರೆ ಆಡಿಕೊಳ್ಳಲಿ ಎಂದು ಅಂಗಳದಲ್ಲೇ ಒಣಹಾಕುತ್ತಿದ್ದ.

ಆರೂ ಮುಗಿದವು. ಕೂದಲು ಎಳೆಗೂಸಿನದರಂತೆ ಮೃದುವಾಗಿ ಬಂತು. ನನ್ನನ್ನು ಗೂಟಕ್ಕೆ ತೂಗುಹಾಕಿ ನೀಲಕ್ಕ ಕೆಲಸಕ್ಕೆ ಹೋದಳು. ಹನ್ನೊಂದು ದಿನ ರೊಟ್ಟಿ ಬಡಿದಳು. ಹನ್ನೆರಡನೆಯ ದಿನ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ರೋಗ ಪುಪ್ಪುಸಕ್ಕೆ ಏರಿತ್ತು. ಬೇರೆ ಔಷಧ ಕೊಡುತ್ತೇವೆ, ವಾರವಾರ ಬರಬೇಕು, ಕೆಲವು ತಿಂಗಳು ಹೆಚ್ಚು ಸಿಗಬಹುದು, ಗುಣವಾಗುವುದಿಲ್ಲ ಎಂದರು ಡಾಕ್ಟರು.

ದ್ಯಾಮವ್ವ ನನ್ನನ್ನು ಗೂಟದಿಂದ ಇಳಿಸಿ, ತೊಳೆದು, ಎಣ್ಣೆ ಹಚ್ಚಿ, ಅಬ್ಬಲಿಗೆ ದಂಡೆ ಮುಡಿಸಿದಳು. "ಏಳು, ನಾಳೆ ಹೋಗೂಣು" ಎಂದಳು.

"ಬ್ಯಾಡ ದ್ಯಾಮವ್ವಾ. ಸಾಕಾಗೇತಿ."

"ಹಂಗಂದ್ರ ಹೆಂಗ? ಇಷ್ಟ ಮಾಡಿ ಈಗ ಕೈ ಬಿಡೋದಾ?"

"ಐದ ಸಲ ನಿಮ್ಮ ಮಾತ ಕೇಳೇನಿ. ನೀವೆಲ್ಲಾ ಇದ್ರಿ ಅಂತ ತಡಕೊಂಡೆ. ಈಗ ನಂದೊಂದ ಮಾತ ಕೇಳ್ರಿ. ಮನ್ಯಾಗ ಇರ್ತೀನಿ."

ಫಕ್ಕೀರಪ್ಪ ಗೋಡೆ ಕಡೆ ತಿರುಗಿ ನಿಂತ. ಮಮತಾಜಬಿ ದ್ಯಾಮವ್ವನ ಕೈಯಿಂದ ನನ್ನನ್ನು ಬಿಡಿಸಿಕೊಂಡು ಮತ್ತೆ ಗೂಟಕ್ಕೆ ಹಾಕಿದಳು. "ಸಾಯಾಕ ಬಿಡೋರು ನೀವು ಬಿಡ್ರಿ, ನನ್ನ ಕೈಲೆ ಆಗೂದಿಲ್ಲ" ಎಂದು ದ್ಯಾಮವ್ವ ಚಾ ಸಹ ಕುಡಿಯದೆ ಎದ್ದು ಹೋದಳು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ತಲೆತುಂಬ ನೀರು ಹಾಕಿಕೊಂಡು, ತೆಳ್ಳಗಿನ ಅಂಬಲಿ ಹಿಡಿದುಕೊಂಡು ಬಂದಳು. ಆಸ್ಪತ್ರೆಯ ಮಾತು ಆಡಲಿಲ್ಲ. ಆಮೇಲೆ ದಿನಾ ಬಂದಳು.

ನೀಲಕ್ಕ ಉಳಿದದ್ದು ಇಪ್ಪತ್ತಾರು ದಿನ. ಉಸಿರಿಗೆ ಒದ್ದಾಡಿದಳು. ಹಗುರವಾಗಿ ಹೋದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ಹಿಡಿಯಲು ಯಾವಾಗಲೂ ಒಬ್ಬರು ಇದ್ದರು, ಅಷ್ಟೇ.

ಮುತ್ತೈದೆಯಾಗಿ ಸತ್ತವಳಿಗೆ ಹೂ ಮುಡಿಸಬೇಕೆಂದು ನೀಲಕ್ಕನ ನಾದಿನಿ ನನ್ನನ್ನು ತರಲು ಬಂದಳು. "ಬ್ಯಾಡ" ಎಂದಳು ದ್ಯಾಮವ್ವ. "ಅಕಿ ಕೂದಲಾ ಅಕೀಗೆ ಐತಿ." ಆ ಅಂಗುಲದಷ್ಟು ಕೂದಲಿಗೆ ಎಣ್ಣೆ ಹಚ್ಚಿ, ದಂಡೆಯನ್ನು ದಾರದಿಂದ ತಲೆಗೆ ಕಟ್ಟಿದಳು.

ಈಗ ನಾನಿರುವುದು ದ್ಯಾಮವ್ವನ ಟ್ರಂಕಿನಲ್ಲಿ. ನುಸಿಗುಳಿಗೆಯ ವಾಸನೆ ನನಗೆ ಸೇರುವುದಿಲ್ಲ, ಎಳೆಗಳೂ ಒಂದೊಂದಾಗಿ ಉದುರುತ್ತಿವೆ. ಆ ಐದು ಸಲ ನೀಲಕ್ಕನನ್ನು ಹೊರಡಿಸಿದವಳು ನಾನೇ. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಇಲ್ಲಿ ಮಲಗಿ ಬಹಳ ಯೋಚಿಸಿದ್ದೇನೆ, ತಿಳಿದಿಲ್ಲ. ದ್ಯಾಮವ್ವನಿಗೆ ಆ ಯೋಚನೆಯೇ ಇಲ್ಲ. ಅವಳು ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಮಾತು ಅನ್ನುತ್ತಾಳೆ: "ನಾಕ ದಿನ ಸಿಟ್ಟಮಾಡಿ ಮನ್ಯಾಗ ಕುಂತೆನಲ್ಲ."

ಆ ನಾಲ್ಕು ದಿನವೂ ನಾನು ಗೂಟದಲ್ಲಿದ್ದೆ. ದ್ಯಾಮವ್ವ ಕೆಲಸ ಬಿಡುವ ಹೊತ್ತಾದರೆ ಸಾಕು, ನೀಲಕ್ಕ ತನ್ನ ಹಾಸಿಗೆಯನ್ನು ಬಾಗಿಲ ಕಡೆಗೆ ಎಳೆಸಿಕೊಳ್ಳುತ್ತಿದ್ದಳು. ಅದನ್ನು ಹೇಳಲು ನನಗೆ ಬಾಯಿಲ್ಲದ್ದು ಒಳ್ಳೆಯದೇ ಆಯಿತು.